ಅಮ್ಮ ‘ಶಕ್ತಿ’ ಅಂತಾರೆ, ತಮ್ಮ ‘ಸೈನ್ಸು’ ಅಂತಾನೆ: ಟಿವಿಲಿ ಮನಸ್ಸು ಓದೋರನ್ನ ನೋಡಿ ನಿಮ್ಮನೇಲಿ ಏನಾಯ್ತು?

ಗಿರಿನಗರದವಳು | ಭಾನುವಾರ ರಾತ್ರಿ 10:52

ಇವತ್ತು ಸಂಜೆ ಟಿವಿಯಲ್ಲಿ ಆ ಮೆಂಟಲಿಸ್ಟ್ ಹುಡುಗನ ಕಾರ್ಯಕ್ರಮ ನೋಡಿದವರು ಯಾರಾದ್ರೂ ಇದೀರಾ? ಚಾನೆಲ್ ಹೆಸರು ಬೇಡ, ನೋಡಿದವರಿಗೆ ಗೊತ್ತಾಗತ್ತೆ. ಸೀರಿಯಲ್ ನಟಿಯೊಬ್ಬರನ್ನ ಎದುರಿಗೆ ಕೂರಿಸಿಕೊಂಡು "ಒಂದನೇ ಕ್ಲಾಸಿನ ಟೀಚರ್ ಹೆಸರು ನೆನೆಸ್ಕೊಳ್ಳಿ, ಬಾಯಿ ಬಿಡಬೇಡಿ" ಅಂದ. ಎರಡು ನಿಮಿಷ ಅವರ ಕಣ್ಣನ್ನೇ ನೋಡ್ತಾ ಕೂತ. ಆಮೇಲೆ ಸ್ಲೇಟಿನ ಮೇಲೆ ಏನೋ ಬರೆದು ತಿರುಗಿಸಿ ತೋರಿಸಿದ. ಆಕೆ ಅತ್ತೇಬಿಟ್ರು. ಅದಾದ ಮೇಲೆ ಸಭಿಕರಲ್ಲಿ ಆರು ಜನರನ್ನ ಮೇಲೆ ಕರೆದು, ಹಣೆ ಮುಟ್ಟಿ "ಮಲಗಿ" ಅಂದ. ಗಿರಿಜಾ ಮೀಸೆಯವರೊಬ್ಬರಿಗೆ ತಮ್ಮ ಹೆಸರೇ ಮರೆತುಹೋಯ್ತು!

ನಮ್ಮಮ್ಮ ಸೋಫಾದಿಂದ ಎದ್ದು ಟಿವಿಗೆ ಕೈ ಮುಗಿದ್ರು. ತಮಾಷೆಗಲ್ಲ. ಯುಗಾದಿ ಕಳೆದಾಗಿನಿಂದ ಅವರ ಅವಲಕ್ಕಿ ಸರ ಕಾಣ್ತಿಲ್ಲ, ಅಜ್ಜಿ ಕೊಟ್ಟಿದ್ದು. "ಆ ಹುಡುಗನ ವಿಳಾಸ ಹುಡುಕು. ಅವನ ಮುಂದೆ ಕೂತ್ರೆ ಸರ ಎಲ್ಲಿಟ್ಟಿದೀನಿ ಅಂತ ನನ್ನ ತಲೆಯೊಳಗಿಂದಲೇ ತೆಗೆದು ಹೇಳ್ತಾನೆ" ಅಂತ ಊಟಕ್ಕೆ ಕೂತಾಗಲೂ ಅದೇ ಮಾತು. ತಮ್ಮ ನಕ್ಕ. ಅವನು ಎಚ್‌ಎಸ್‌ಆರ್ ಕಡೆ ಸಾಫ್ಟ್‌ವೇರ್ ಕಂಪನಿಯಲ್ಲಿದಾನೆ. "ಶಕ್ತಿ ಗಿಕ್ತಿ ಏನಿಲ್ಲಮ್ಮ, ಅದು ಸೈನ್ಸು. ಮುಖದ ಸ್ನಾಯು ಒಂದು ಕ್ಷಣ ಅಲ್ಲಾಡತ್ತೆ, ಕಲಿತವರಿಗೆ ಗೊತ್ತಾಗತ್ತೆ" ಅಂದ. ಅವನ ವಿಷಯ ಬಿಡಿ. ಅಮ್ಮನಿಗೆ ಏನು ಹೇಳಿ ಸಮಾಧಾನ ಮಾಡೋದು?

ಬನಶಂಕರಿ ಬಸ್ಸು | ಭಾನುವಾರ ರಾತ್ರಿ 11:03

ಎಲ್ಲಾ ಸೆಟಪ್ಪು ಮೇಡಂ. ನಟಿಗೆ ಮೊದಲೇ ಹೇಳಿಕೊಟ್ಟಿರ್ತಾರೆ. ಮೀಸೆಯವ್ರು ಜೂನಿಯರ್ ಆರ್ಟಿಸ್ಟು. ದಿನಕ್ಕಿಷ್ಟು ಅಂತ ಕೊಟ್ರೆ ನಾನೂ ನನ್ ಹೆಸ್ರು ಮರೀತೀನಿ. ಮಲಕ್ಕೊಳಿ.

ಮೂರನೇ ಕಣ್ಣು | ಭಾನುವಾರ ರಾತ್ರಿ 11:20

ಅರ್ಥವಾಗದ್ದಕ್ಕೆಲ್ಲ ‘ಸೆಟಪ್’ ಅಂದುಬಿಟ್ಟರೆ ಮುಗಿಯಿತೇ? ನಮ್ಮೂರ ಜಾತ್ರೆಯಲ್ಲಿ ಚಿಕ್ಕಮ್ಮನ ಮೈಮೇಲೆ ದೇವರು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಮೂರು ಜನ ಹಿಡಿದರೂ ನಿಲ್ಲುತ್ತಿರಲಿಲ್ಲ. ಅವರಿಗೆ ಯಾರೂ ದಿನಗೂಲಿ ಕೊಟ್ಟಿರಲಿಲ್ಲ. ಏಕಾಗ್ರತೆಯಿಂದ ಇನ್ನೊಬ್ಬರ ಮನಸ್ಸು ತಿಳಿಯುವುದು ನಮ್ಮವರಿಗೆ ಹೊಸದೇನಲ್ಲ. ತಾಯಿಯವರನ್ನು ಗೇಲಿ ಮಾಡಬೇಡಿ.

ಕತ್ತರಿ ಕೆಲಸ | ಸೋಮವಾರ ಬೆಳಿಗ್ಗೆ 7:15

ಟಿವಿ ರಿಯಾಲಿಟಿ ಶೋಗಳಿಗೆ ಹನ್ನೊಂದು ವರ್ಷದಿಂದ ಎಡಿಟಿಂಗ್ ಮಾಡ್ತಿದೀನಿ. ನೀವು ನೋಡಿದ ಶೋ ನನ್ನದಲ್ಲ, ಅದರ ಬಗ್ಗೆ ನನಗೇನೂ ಗೊತ್ತಿಲ್ಲ. ಈ ಕೆಲಸ ಸಾಮಾನ್ಯವಾಗಿ ಹೇಗೆ ನಡಿಯತ್ತೆ ಅನ್ನೋದನ್ನ ಹೇಳ್ತೀನಿ.

ಬಸ್ಸಣ್ಣ ಹೇಳಿದ ಹಾಗೆ ದುಡ್ಡು ಕೊಟ್ಟು ನಾಟಕ ಮಾಡಿಸೋದು ನಿಜವಾಗಿ ಕಷ್ಟದ ಕೆಲಸ. ದುಡ್ಡು ತಗೊಂಡವನು ನಾಳೆ ಎಲ್ಲಾದ್ರೂ ಬಾಯಿ ಬಿಡ್ತಾನೆ. ಅದರ ಬದಲು ಹೀಗಿರತ್ತೆ. ರೆಕಾರ್ಡಿಂಗ್ ನಾಲ್ಕು ಗಂಟೆ. ಜನ ಒಳಗೆ ಬರೋಕೆ ಮುಂಚೆ ಹೊರಗಡೆ ಬಿಸಿಲಲ್ಲಿ ಸಾಲಲ್ಲಿ ನಿಲ್ಲಿಸಿರ್ತಾರೆ. ಅಲ್ಲಿ ಪ್ರೊಡಕ್ಷನ್ ಹುಡುಗಿಯೊಬ್ಬಳು ಕ್ಲಿಪ್‌ಬೋರ್ಡ್ ಹಿಡ್ಕೊಂಡು ಓಡಾಡ್ತಾಳೆ. "ಸಾರ್, ವೇದಿಕೆ ಮೇಲೆ ಒಂದು ಹೆಸರು ನೆನೆಸ್ಕೋಬೇಕಾಗತ್ತೆ. ಆಗ ಗಾಬರಿ ಆಗಬಾರದು ನೋಡಿ, ಈಗಲೇ ಒಂದು ಹೆಸರು ಯೋಚನೆ ಮಾಡಿ ಈ ಚೀಟಿಯಲ್ಲಿ ಬರೆದು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ" ಅಂತಾಳೆ. ಚೀಟಿ ಅವರ ಜೇಬಲ್ಲೇ ಇರತ್ತೆ. ಬರೆದ ಪ್ಯಾಡು ಮಾತ್ರ, ಒತ್ತಿ ಬರೆದ ಅಕ್ಷರದ ಅಚ್ಚಿನ ಸಮೇತ, ಅವಳ ಕೈಗೆ ವಾಪಸ್ ಹೋಗತ್ತೆ. ಎರಡು ಗಂಟೆ ಆದಮೇಲೆ ವೇದಿಕೆ ಮೇಲೆ ಆತ ಕೇಳ್ತಾನೆ: "ನಾನು ನೀವು ಮುಂಚೆ ಭೇಟಿ ಆಗಿದೀವಾ?" ಇಲ್ಲ. "ಈ ಹೆಸರು ಯಾರಿಗಾದ್ರೂ ಹೇಳಿದೀರಾ?" ಇಲ್ಲ. ಎರಡೂ ನಿಜ! ಮನೇಲಿ ಕೂತವರಿಗೆ ಆ ಸಾಲೂ ಕಾಣ್ಲಿಲ್ಲ, ಪ್ಯಾಡೂ ಕಾಣ್ಲಿಲ್ಲ. ಇದಕ್ಕೆ ಅವರ ಕಸುಬಿನಲ್ಲಿ ‘ಪ್ರೀ ಶೋ’ ಅಂತಾರೆ.

ಇನ್ನು ನನ್ನ ಪಾಲು. ನಾಲ್ಕು ಗಂಟೆಯನ್ನ ನಲವತ್ತು ಚಿಲ್ಲರೆ ನಿಮಿಷಕ್ಕೆ ಇಳಿಸಬೇಕು. ತಪ್ಪಾದ ಊಹೆ ಮೊದಲು ಹೋಗತ್ತೆ. ನಿದ್ದೆ ಬರದೆ ಪಕ್ಕದವರನ್ನ ನೋಡಿ ನಕ್ಕವರು ಆಮೇಲೆ ಹೋಗ್ತಾರೆ. ಬಾಯಿ ತೆರೆದು ಬೆರಗಾದ ಹೆಂಗಸಿನ ಮುಖ ನೋಡಿದೀರಲ್ಲ, ಆ ಶಾಟ್ ಎಷ್ಟೋ ಸಲ ಬೆಳಿಗ್ಗೆಯೇ ತೆಗೆದಿದ್ದು. ಚಪ್ಪಾಳೆ, ನಗು, ಆಶ್ಚರ್ಯ, ಒಂದೊಂದು ರೌಂಡ್ ಮೊದಲೇ ತೆಗೆದಿಟ್ಕೊಂಡಿರ್ತಾರೆ. ಆಯಮ್ಮ ಬೆರಗಾಗಿದ್ದು ಮೆಂಟಲಿಸ್ಟ್ ನೋಡಿ ಅಲ್ಲ, ಫ್ಲೋರ್ ಮ್ಯಾನೇಜರ್ ಕೈ ಎತ್ತಿದ್ದು ನೋಡಿ.

ಬನಶಂಕರಿ ಬಸ್ಸು | ಸೋಮವಾರ ಬೆಳಿಗ್ಗೆ 7:31

ಅದನ್ನೇ ಗುರು ನಾನೂ ಸೆಟಪ್ಪು ಅಂದಿದ್ದು.

ಕತ್ತರಿ ಕೆಲಸ | ಸೋಮವಾರ ಬೆಳಿಗ್ಗೆ 7:40

ಅಲ್ಲ. ನಟಿ ಸುಳ್ಳು ಹೇಳ್ತಿದಾಳೆ ಅಂದ್ರಿ ನೀವು. ಆಕೆ ಅತ್ತಿದ್ದು ನಿಜವೇ ಇರಬಹುದು. ಅವಳಿಗೂ ಗೊತ್ತಾಗದ ಹಾಗೆ ಮಾಡೋದೇ ಅವನ ಕಸುಬು.

ಇಸ್ಪೀಟು ರಾಜ | ಸೋಮವಾರ ಬೆಳಿಗ್ಗೆ 9:05

ಹವ್ಯಾಸಕ್ಕೆ ಇಪ್ಪತ್ತು ವರ್ಷದಿಂದ ಕಣ್ಕಟ್ಟು ಮಾಡ್ತೀನಿ. ಮದುವೆ ಮನೆ, ಗಣೇಶೋತ್ಸವ, ಅಪಾರ್ಟ್‌ಮೆಂಟ್ ರಾಜ್ಯೋತ್ಸವ. ಕತ್ತರಿಯವರು ಸ್ವಲ್ಪ ಜಾಸ್ತಿನೇ ಬಿಚ್ಚಿಟ್ರು, ನಮ್ಮ ಹೊಟ್ಟೆಪಾಡು ಸ್ವಾಮಿ. ಇರಲಿ. ಕೆಲವಕ್ಕೆ ಚೀಟಿ ಪ್ಯಾಡು ಏನೂ ಬೇಡ. ಈಗಲೇ ನೋಡಿ.

ಎಲ್ಲರೂ ಮನಸ್ಸಲ್ಲೇ ಒಂದು ಸಂಖ್ಯೆ ನೆನೆಸ್ಕೊಳ್ಳಿ. 10ರಿಂದ 50ರ ಒಳಗೆ. ಎರಡೂ ಅಂಕಿ ಬೆಸ ಇರಬೇಕು, ಎರಡೂ ಬೇರೆ ಬೇರೆ ಇರಬೇಕು. 11 ಬೇಡ, 15 ಥರದ್ದು ನಡಿಯತ್ತೆ. ಬೇಗ! ಯೋಚನೆ ಮಾಡ್ತಾ ಕೂರಬೇಡಿ. ಮೊದಲು ಹೊಳೆದದ್ದನ್ನ ಇಲ್ಲಿ ಹಾಕಿ.

ಮದ್ದೂರುವಡೆ | ಸೋಮವಾರ ಬೆಳಿಗ್ಗೆ 9:09

37

ಗಿರಿನಗರದವಳು | ಸೋಮವಾರ ಬೆಳಿಗ್ಗೆ 9:12

37. ಅಮ್ಮನ್ನ ಕೇಳ್ದೆ, 35 ಅಂದ್ರು.

ಬನಶಂಕರಿ ಬಸ್ಸು | ಸೋಮವಾರ ಬೆಳಿಗ್ಗೆ 9:14

19. ಬೇಕು ಅಂತ್ಲೇ.

ಅರಿವಳಿಕೆ | ಸೋಮವಾರ ಬೆಳಿಗ್ಗೆ 9:20

37. ಛೇ.

ಇಸ್ಪೀಟು ರಾಜ | ಸೋಮವಾರ ಬೆಳಿಗ್ಗೆ 9:33

ಐದು ಜನದಲ್ಲಿ ಮೂರು. ಈಗ ಎಣಿಸಿ ನೋಡಿ. 10ರಿಂದ 50ರ ತನಕ ನಲವತ್ತು ಚಿಲ್ಲರೆ ಸಂಖ್ಯೆ ಇದೆ ಅನ್ಸತ್ತೆ. ನನ್ನ ನಿಯಮಕ್ಕೆ ಕೂರೋದು ಎಂಟೇ: 13, 15, 17, 19, 31, 35, 37, 39. ಅದರಲ್ಲಿ 15 ನಾನೇ ಬಾಯಿಬಿಟ್ಟು ಹೇಳಿದೆ, ನೀವು ಅದನ್ನ ಮುಟ್ಟಲ್ಲ. ಉಳಿದ ಏಳರಲ್ಲಿ ಕೈ 37ಕ್ಕೋ 35ಕ್ಕೋ ಹೋಗೋದೇ ಹೆಚ್ಚು. ನಾನು ಬೋರ್ಡಿನ ಮೇಲೆ 35 ಬರೆದು ಹೊಡೆದು ಹಾಕಿ ಪಕ್ಕದಲ್ಲಿ 37 ಬರೆದ್ರೆ, ಗಿರಿನಗರದ ಅಮ್ಮನೂ "ಅಯ್ಯೋ, ಮೊದಲು ನಂದೇ ಬರೆದಿದ್ರು" ಅಂತಾರೆ. 19 ಅಂದ ಬಸ್ಸಣ್ಣನ ಮುಖ ಟಿವಿಯಲ್ಲಿ ಬರಲ್ಲ. ಸಾವಿರ ಜನರ ಸಭೆಯಲ್ಲಿ ಮಾಡಿ ನೋಡಿ, ನೂರಾರು ಜನ ಒಟ್ಟಿಗೆ ಹೋ ಅಂತಾರೆ.

ಕ್ಯಾರೆಟ್ ಟ್ರಿಕ್ಕಂತೂ ನಮ್ಮಲ್ಲಿ ಓಡಲ್ಲ. "ಒಂದು ತರಕಾರಿ ನೆನೆಸ್ಕೊಳ್ಳಿ" ಅಂದ್ರೆ ಹೊರದೇಶದವರು ಕ್ಯಾರೆಟ್ ಅಂತಾರಂತೆ. ನಾನು ಮಲ್ಲೇಶ್ವರದ ಒಂದು ನಾಮಕರಣದಲ್ಲಿ ಧೈರ್ಯವಾಗಿ ಕ್ಯಾರೆಟ್ ಬರೆದಿಟ್ಕೊಂಡು ಕೇಳಿದೆ. ಬದನೆಕಾಯಿ, ಹೀರೆಕಾಯಿ, ಬೆಂಡೆಕಾಯಿ, ಒಬ್ಬರು ಅಜ್ಜಿ ನುಗ್ಗೆಕಾಯಿ! ಮಾನ ಹೋಯ್ತು.

ಮದ್ದೂರುವಡೆ | ಸೋಮವಾರ ಮಧ್ಯಾಹ್ನ 1:10

ನಂಗೆ ಇದ್ನೆಲ್ಲ ಓದ್ತಾ ನೆಪ್ಪಾಗಿದ್ದು ಕೋಲೆ ಬಸವ. ಚಿಕ್ಕೋನಿದ್ದಾಗ ಮನೆ ಬಾಗ್ಲಿಗ್ ಬಂದು ವಾಲಗ ಊದೋನು. "ಈ ಮನೆ ಮಗ ಪಾಸಾಯ್ತಾನಾ ಬಸವಣ್ಣ?" ಅಂದ್ರೆ ಹೂಂ ಅಂತ ತಲೆ ಆಡ್ಸದು. "ಫೇಲಾಯ್ತಾನಾ?" ಅಂದ್ರೆ ಊಹೂಂ ಅಂತ ತಲೆ ಒದರದು. ನಮ್ಮವ್ವ ಸೇರು ರಾಗಿ ಹಾಕೋಳು. ಒಂದಿನ ಅಪ್ಪ ತೋರ್ಸಿದ್ರು, ಹಗ್ಗ ಹಿಡ್ಕಂಡಿರೋ ಕೈ ನೋಡ್ಲಾ ಅಂತ. ಕೈ ಹಂಗಲ್ಲಾಡುದ್ರೆ ಹೂಂ, ಹಿಂಗಲ್ಲಾಡುದ್ರೆ ಊಹೂಂ.

ಜರ್ಮನಿನಾಗೂ ಇಂಥದ್ದೇ ಒಂದು ಕುದುರೆ ಇತ್ತು, ಹಾನ್ಸ್ ಅಂತ. ಲೆಕ್ಕ ಕೇಳುದ್ರೆ ಗೊರಸು ಕುಟ್ಟಿ ಉತ್ರ ಹೇಳದು. ಅಲ್ಲಿ ಹಗ್ಗನೂ ಇಲ್ಲ, ಮಾಲೀಕ ಮೋಸಗಾರನೂ ಅಲ್ಲ. 1907ರಲ್ಲಿ ಫುಂಗ್ಸ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಕಂಡ್ಹಿಡಿದ: ಪ್ರಶ್ನೆ ಕೇಳೋನಿಗೇ ಉತ್ರ ಗೊತ್ತಿಲ್ದಿದ್ರೆ ಕುದುರೆಗೂ ಗೊತ್ತಿಲ್ಲ, ಕೇಳೋನು ಕಣ್ಣಿಗೆ ಬೀಳ್ದಿದ್ರೂ ಗೊತ್ತಿಲ್ಲ. ಸರಿಯಾದ ಸಂಖ್ಯೆ ಬಂದ ತಕ್ಷಣ ಮನ್ಸ ತನಗೇ ಗೊತ್ತಾಗ್ದಂಗೆ ತಲೆ ಒಂಚೂರು ಎತ್ತೋನು, ಕುದುರೆ ನಿಲ್ಸೋದು. ಅಂದ್ರೆ ಮೈ ಮಾತಾಡೋದು ಸುಳ್ಳೇನಲ್ಲ. ಆದ್ರೆ ಅದು "ನಿಲ್ಸು" ಅನ್ನೋಷ್ಟೇ ಹೇಳೋದು ಕಣಣ್ಣ. ಒಂದ್ನೇ ಕ್ಲಾಸ್ ಮೇಡಂ ಹೆಸ್ರು ಎಲ್ಲಿಂದ ಹೇಳದು?

ಕಣಿ ಹೇಳೋಳು ಮನೆಗ್ ಬಂದ್ರೂ ಹಂಗೇಯ. "ಎಲ್ಲಾರ್ಗೂ ನೀ ಮಾಡ್ತೀಯೆ, ನಿಂಗ್ ಮಾತ್ರ ಯಾರೂ ಮಾಡಲ್ಲ ಕಣ್ ತಾಯಿ, ಮನಸ್ನಾಗೆ ಒಂದು ಕೊರಗೈತೆ." ಯಾವ ಮನೆ ಹೆಂಗ್ಸು ಇಲ್ಲ ಅಂದಾಳು!

ಅರಿವಳಿಕೆ | ಸೋಮವಾರ ಸಂಜೆ 6:45

ಮದ್ದೂರಿನವರ ಕಣಿಗೆ ಲೆಕ್ಕವೂ ಇದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, "ಇದು ನಿಮ್ಮ ಸ್ವಭಾವ" ಅಂತ ಒಂದೊಂದು ಹಾಳೆ ಕೊಟ್ಟರು. ಎಷ್ಟು ಹೊಂದುತ್ತದೆ ಅಂತ ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ.

ನಾನು ಅರಿವಳಿಕೆ ವೈದ್ಯೆ. ಜನರನ್ನು ನಿಜವಾಗಿ ಮಲಗಿಸುವುದೇ ನನ್ನ ಕೆಲಸ. ಹಾಗಾಗಿ ಟಿವಿಯ "ಮಲಗಿ" ಬಗ್ಗೆ ಹೇಳಬೇಕೆನಿಸಿತು. ಆದರೆ ವೇದಿಕೆ ಹತ್ತಿ ಬಂದವರು ಯಾರಾದರೂ ಇದ್ದರೆ ಮೊದಲು ಅವರು ಬರೆಯಲಿ.

ಸರ್ಜಾಪುರ ಸಿಗ್ನಲ್ | ಸೋಮವಾರ ರಾತ್ರಿ 9:30

ನಾನಿದೀನಿ ಡಾಕ್ಟ್ರೇ. ಟಿವಿ ಅಲ್ಲ, ನಮ್ಮ ಅಪಾರ್ಟ್‌ಮೆಂಟ್ ಕ್ಲಬ್‌ಹೌಸು. ಮೂರು ವರ್ಷ ಆಯ್ತು, ಇನ್ನೂ ಲಿಫ್ಟಲ್ಲಿ ಸಿಕ್ಕವರು ನಗ್ತಾರೆ.

ಆತ ಮೊದಲು ಇಡೀ ಸಭೆಗೆ ಎರಡೂ ಕೈ ಬೆರಳು ಹೆಣೆದುಕೊಳ್ಳೋಕೆ ಹೇಳಿದ. "ಬೆರಳು ಅಂಟಿಕೊಳ್ತಿದೆ, ಬಿಗಿ ಆಗ್ತಿದೆ, ಬಿಡಿಸೋಕೆ ಆಗಲ್ಲ, ಪ್ರಯತ್ನ ಮಾಡಿ." ನಂದು ನಿಜವಾಗ್ಲೂ ಸಲೀಸಾಗಿ ಬಿಡಲಿಲ್ಲ. ಬಿಡದವರನ್ನೆಲ್ಲ ಮೇಲೆ ಕರೆದ. ಇಪ್ಪತ್ತು ಜನ ಹೋದ್ವಿ. ಒಬ್ಬೊಬ್ಬರ ಹೆಗಲು ಮುಟ್ಟಿ, ಕಿವಿಯಲ್ಲಿ ಏನೋ ಹೇಳಿ, ಹನ್ನೊಂದು ಜನರನ್ನ "ಥ್ಯಾಂಕ್ಯೂ" ಅಂತ ಕೆಳಗೆ ಕಳಿಸಿದ. ಉಳಿದ ಒಂಬತ್ತರಲ್ಲಿ ನಾನೂ ಒಬ್ಬ.

ಎಚ್ಚರ ಇತ್ತಾ ಅಂತ ಎಲ್ಲರೂ ಕೇಳ್ತಾರೆ. ಇತ್ತು. ಮುಂದಿನ ಸಾಲಲ್ಲಿ ಮಗಳು ಚಿಪ್ಸ್ ತಿನ್ನೋ ಸದ್ದೂ ಕೇಳಿಸ್ತಿತ್ತು. "ನೀನೀಗ ಬಿಎಂಟಿಸಿ ಕಂಡಕ್ಟರ್" ಅಂದ. ಎದ್ದೆ. ರೈಟ್ ರೈಟ್ ಅಂತ ಕೂಗಿದೆ. ಚಿಲ್ಲರೆ ಇಲ್ಲ ಅಂತ ಅಸೋಸಿಯೇಷನ್ ಅಧ್ಯಕ್ಷರಿಗೆ ಬೈದೆ. ಆಗ ಒಳಗೆ ಎರಡು ದನಿ ಇದ್ವು. "ಏನು ಮಾಡ್ತಿದೀಯೋ, ನಿಲ್ಸು" ಅಂತ ಒಂದು. "ಈಗ ನಿಲ್ಸಿದ್ರೆ ಮುನ್ನೂರು ಜನರ ಮುಂದೆ ಆಟ ಕೆಡಿಸಿದ ಹಾಗಾಗತ್ತೆ" ಅಂತ ಇನ್ನೊಂದು. ಎರಡನೇದು ಗೆದ್ದಿತು. ಆದ್ರೆ ಬರೀ ನಾಟಕ ಅಂತಲೂ ಹೇಳಲಾರೆ. ಕೈ ಹಗುರಾಗಿ ತಾನಾಗೇ ಮೇಲೆ ಹೋಯ್ತು, ಅದನ್ನ ನಾನು ಎತ್ತಲಿಲ್ಲ. ಮತ್ತೆ, ಅಧ್ಯಕ್ಷರಿಗೆ ಬೈದಾಗ ಮೇಂಟೆನೆನ್ಸ್ ಸಿಟ್ಟೂ ಸ್ವಲ್ಪ ಸೇರಿತ್ತು, ಒಪ್ಕೋತೀನಿ.

ಅರಿವಳಿಕೆ | ಸೋಮವಾರ ರಾತ್ರಿ 10:40

ಬಹಳ ಚೆನ್ನಾಗಿ ಹೇಳಿದಿರಿ. ಆ ಎರಡು ದನಿಯೇ ವಿಷಯ.

ಸಮ್ಮೋಹನ, ಅಂದರೆ ಹಿಪ್ನಾಟಿಸಂ, ನಿದ್ದೆಯಲ್ಲ. ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯ 1841ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಥದ್ದೇ ಒಂದು ರಂಗಪ್ರದರ್ಶನ ನೋಡಲು ಹೋದ, ಮೋಸ ಹಿಡಿಯಬೇಕೆಂದು. ಹಿಡಿಯಲಾಗಲಿಲ್ಲ. ಎರಡು ವರ್ಷದಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಗ್ರೀಕರ ನಿದ್ರಾದೇವತೆಯ ಹೆಸರು ಬಳಸಿ ‘ಹಿಪ್ನಾಟಿಸಂ’ ಎಂಬ ಮಾತನ್ನು ಚಾಲ್ತಿಗೆ ತಂದವನೂ ಅವನೇ. ಇದು ನಿದ್ದೆಯಲ್ಲ, ಒಂದೇ ವಿಚಾರದಲ್ಲಿ ಮನಸ್ಸು ನಾಟುವುದು ಎಂದು ಆಮೇಲೆ ಅವನೇ ಹೆಸರು ಬದಲಿಸಲು ನೋಡಿದ. ಅಷ್ಟರಲ್ಲಿ ಹಳೆಯ ಹೆಸರು ಊರಾಡಿಬಿಟ್ಟಿತ್ತು.

ನಮ್ಮ ಕಸುಬಿನವರಿಗೆ ಹತ್ತಿರದ ಕತೆ ಬಂಗಾಳದ ಹೂಗ್ಲಿಯದು. 1845ರಲ್ಲಿ ಅಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸರ್ಜನ್, ಕೈಯಾಡಿಸಿ ಮಂಪರು ಹತ್ತಿಸಿ ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆಯುತ್ತಿದ್ದ. ಕೈಯಾಡಿಸುವ ಕೆಲಸ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅದಕ್ಕೆಂದೇ ಸ್ಥಳೀಯ ಸಹಾಯಕರಿದ್ದರು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಂತು. ನಿಮಿಷಗಳಲ್ಲಿ ಕೆಲಸ, ಹೆಚ್ಚುಕಡಿಮೆ ಎಲ್ಲರ ಮೇಲೂ. ಕೈಯಾಡಿಸುವವರನ್ನು ಕೇಳುವವರಿಲ್ಲವಾಯಿತು.

"ಎಲ್ಲರ ಮೇಲೂ" ಅನ್ನುವುದೇ ಮುಖ್ಯ. ಸಮ್ಮೋಹನಕ್ಕೆ ಎಲ್ಲರೂ ಒಂದೇ ಸಮ ಸಿಗುವುದಿಲ್ಲ. 1959ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಅಳತೆಪಟ್ಟಿಗಳಲ್ಲಿ ಹನ್ನೆರಡು ಸಣ್ಣ ಪರೀಕ್ಷೆಗಳಿವೆ. ಕೈ ತಾನಾಗಿ ಚಲಿಸುವುದು, ಬೆರಳು ಬಿಡದಿರುವುದು, ಇಲ್ಲದ ನೊಣ ಗುಂಯ್‌ಗುಡುವುದು. ಹತ್ತರಲ್ಲಿ ಒಬ್ಬರೋ ಒಂದೂವರೆಯೋ ಹೆಚ್ಚುಕಡಿಮೆ ಎಲ್ಲದರಲ್ಲೂ ಮುಳುಗುತ್ತಾರೆ, ಸುಮಾರು ಅಷ್ಟೇ ಜನಕ್ಕೆ ಏನೂ ಆಗುವುದಿಲ್ಲ, ಮಿಕ್ಕವರು ನಡುವೆ. ನಿಮ್ಮ ಕ್ಲಬ್‌ಹೌಸಿನಲ್ಲಿ ಆತ ಬೆರಳು ಹೆಣೆಸಿ ಮಾಡಿದ್ದು ಇದೇ ಜರಡಿ ಕೆಲಸ. ಮುನ್ನೂರು ಜನರನ್ನು ಜರಡಿ ಹಿಡಿದು ಒಂಬತ್ತು ಜನ. ಟಿವಿಯವರು ಜರಡಿ ತೋರಿಸುವುದಿಲ್ಲ, ಹಿಟ್ಟು ಮಾತ್ರ ತೋರಿಸುತ್ತಾರೆ. ಮನೆಯಲ್ಲಿ ಕೂತವರಿಗೆ "ಮುಟ್ಟಿದವರೆಲ್ಲ ಬಿದ್ದರು" ಎಂದೇ ಕಾಣುತ್ತದೆ.

ಮೂರನೇ ಕಣ್ಣಿನವರಿಗೆ ಒಂದು ಮಾತು. ನಿಮ್ಮ ಚಿಕ್ಕಮ್ಮ ನಟಿಸುತ್ತಿದ್ದರು ಎಂದು ನಾನಂತೂ ಹೇಳಲಾರೆ. ಸರ್ಜಾಪುರದವರ ಕೈ ಮೇಲೆ ಹೋದಂತೆ, ಅವರಿಗೂ "ನಾನು ಮಾಡುತ್ತಿಲ್ಲ, ಆಗುತ್ತಿದೆ" ಅನಿಸುತ್ತಿರಬಹುದು.

ಮೂರನೇ ಕಣ್ಣು | ಸೋಮವಾರ ರಾತ್ರಿ 11:02

ಗೌರವದಿಂದ ಬರೆದದ್ದಕ್ಕೆ ಧನ್ಯವಾದ. ಪೂರ್ತಿ ಒಪ್ಪಿದ್ದೇನೆ ಎಂದಲ್ಲ.

ದಾಸರಹಳ್ಳಿ ದಿವಾನ | ಮಂಗಳವಾರ ಬೆಳಿಗ್ಗೆ 8:20

ಆ ಶೋನ ಕೆಳಗೆ ಸಣ್ಣಕ್ಷರದಲ್ಲಿ "ಕೇವಲ ಮನರಂಜನೆಗಾಗಿ" ಅಂತ ಓಡ್ತಿತ್ತು, ಯಾರಾದ್ರೂ ಓದಿದ್ರಾ? ನಮ್ಮಪ್ಪ ಓದ್ಲಿಲ್ಲ, ಕನ್ನಡಕ ಹುಡುಕೋದ್ರಲ್ಲಿ ಹೋಗಿತ್ತು. 1994ರ ಕೇಬಲ್ ಟಿವಿ ನಿಯಮಗಳಲ್ಲಿ ಮೂಢನಂಬಿಕೆಗೆ ಕುಮ್ಮಕ್ಕು ಕೊಡೋ ಕಾರ್ಯಕ್ರಮ ಬರಕೂಡದು ಅಂತ ಇದೆ. ಬೆಳಿಗ್ಗೆ ಆರಕ್ಕೆ ಟಿವಿ ಹಾಕಿದ್ರೆ ನಿಯಮ ಎಲ್ಲಿ ಮಲಗಿದೆ ಅಂತ ಗೊತ್ತಾಗತ್ತೆ. ಅದಿರಲಿ, ನನ್ನ ಪ್ರಶ್ನೆ ಬೇರೆ. ಆತ ಕ್ಯಾಮೆರಾ ನೋಡ್ಕೊಂಡು "ಕಣ್ಣು ಭಾರ ಆಗ್ತಿದೆ" ಅಂದಾಗ ನಮ್ಮಪ್ಪ ಕುರ್ಚಿಯಲ್ಲೇ ಗೊರಕೆ ಹೊಡೆದ್ರು. ಟಿವಿ ಮೂಲಕ ಆಗತ್ತಾ?

ಹಳೇ ನ್ಯಾಷನಲ್ಲು | ಮಂಗಳವಾರ ಬೆಳಿಗ್ಗೆ 10:50

ತಂದೆಯವರಿಗೆ ಮಧ್ಯಾಹ್ನದ ಊಟ ಭಾರವಾಗಿತ್ತೇನೋ. ಆದರೆ ಪ್ರಶ್ನೆ ಹಳೆಯದು, ಟಿವಿಯಷ್ಟೇ ಹಳೆಯದು. 1946ರ ಕೊನೆಯಲ್ಲಿ ಬಿಬಿಸಿಯವರು ಒಬ್ಬ ಸಮ್ಮೋಹನಕಾರನನ್ನು ಕರೆಸಿ, ಪ್ರಸಾರ ಮಾಡದೆ ಬರೀ ಒಳಗಿನ ಪರದೆಯ ಮೇಲೆ ಪರೀಕ್ಷೆ ಮಾಡಿದರು. ಬೇರೆ ಕೋಣೆಯಲ್ಲಿ ಪರದೆ ನೋಡುತ್ತ ಕೂತಿದ್ದ ಅವರದೇ ಸಿಬ್ಬಂದಿಯಲ್ಲಿ ಕೆಲವರು ಮಂಪರಿಗೆ ಜಾರಿದರು. ಆ ಕಾರ್ಯಕ್ರಮ ಬೇಡವೇ ಬೇಡ ಎಂದುಬಿಟ್ಟರು. ಇವತ್ತಿಗೂ ಬ್ರಿಟನ್ನಿನ ಪ್ರಸಾರ ನಿಯಮದಲ್ಲಿ, ಸಮ್ಮೋಹನಕಾರ ನೇರ ಕ್ಯಾಮೆರಾ ನೋಡಿ ಮಾಡಕೂಡದು, ಅವನ ಮಾತಿನ ಸರಣಿಯನ್ನು ಪೂರ್ತಿ ಬಿತ್ತರಿಸಕೂಡದು ಎಂದಿದೆ. ನಮ್ಮ ಹುಡುಗ ಎರಡನ್ನೂ ಮಾಡಿದ ಹಾಗಾಯಿತು.

ಇದರ ಅತಿರೇಕ ನೋಡಬೇಕೆಂದರೆ 1989ರ ಸೋವಿಯತ್ ಒಕ್ಕೂಟ. ಕಾಶ್ಪಿರೋವ್‌ಸ್ಕಿ ಎಂಬಾತ ಸರ್ಕಾರಿ ಟಿವಿಯಲ್ಲಿ ಕೂತು ದಿಟ್ಟಿಸಿ ನೋಡಿ ಕೋಟ್ಯಂತರ ಜನರ ಕಾಯಿಲೆ ವಾಸಿ ಮಾಡುತ್ತೇನೆಂದ. ಚುಮಕ್ ಎಂಬ ಇನ್ನೊಬ್ಬ ಬಾಯಿಯನ್ನೂ ಬಿಡದೆ ಬರೀ ಕೈಯಾಡಿಸುತ್ತಿದ್ದ. ಜನ ಟಿವಿ ಮುಂದೆ ನೀರಿನ ಜಾಡಿ ಇಟ್ಟು, ಅದಕ್ಕೆ ಶಕ್ತಿ ಇಳಿಯಿತೆಂದು ಕುಡಿಯುತ್ತಿದ್ದರು. ರಾಕೆಟ್ ಹಾರಿಸಿದ ದೇಶ! ನಗುವ ಮುಂಚೆ 1995ರ ಸೆಪ್ಟೆಂಬರ್ 21 ನೆನಪಿಸಿಕೊಳ್ಳಿ. ಗಣೇಶ ಹಾಲು ಕುಡಿದ ದಿನ. ನಮ್ಮ ಬಸವನಗುಡಿಯಲ್ಲಿ ಹಾಲಿನ ಸಾಲು ಎಷ್ಟು ಉದ್ದವಿತ್ತೆಂದು ನನಗೆ ಗೊತ್ತು, ಏಕೆಂದರೆ ನಾನೂ ಆ ಸಾಲಿನಲ್ಲಿದ್ದೆ. ಭೌತಶಾಸ್ತ್ರದ ಪದವೀಧರ, ಚಮಚ ಹಿಡಿದು.

ಎಚ್.ಎನ್. ಮೇಷ್ಟ್ರ ಕಾಲೇಜಿನಲ್ಲಿ ಓದಿದವನು ನಾನು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ಮಾಡಿದರು. ಊರೆಲ್ಲ ಗದ್ದಲ. ಅವರು ಕೇಳಿದ್ದು ಇಷ್ಟೇ: ನಾವು ಹೇಳುವ ಷರತ್ತಿನಲ್ಲಿ ಮಾಡಿ ತೋರಿಸಿ. ಆಗ ಎದುರಿಗಿದ್ದವರು ‘ದೈವ’ ಎನ್ನುತ್ತಿದ್ದರು, ಪ್ರಶ್ನೆ ಕೇಳುವುದು ಒಂದು ರೀತಿಯಲ್ಲಿ ಸುಲಭವಿತ್ತು. ಈಗಿನ ಹುಡುಗರು ದೈವ ಎನ್ನುವುದಿಲ್ಲ. ಕೋಟು ಹಾಕಿಕೊಂಡು ‘ಸೈಕಾಲಜಿ’ ಎನ್ನುತ್ತಾರೆ. ಷರತ್ತು ಹಾಕುವುದು ಯಾರಿಗೂ ಹೊಳೆಯುವುದಿಲ್ಲ.

ಗಿರಿನಗರದವಳು | ಮಂಗಳವಾರ ರಾತ್ರಿ 9:48

ಹಳೇ ನ್ಯಾಷನಲ್ ಸಾರ್ ಕೊನೆಯಲ್ಲಿ ಬರೆದದ್ದು ಓದಿ ಹೊಟ್ಟೆ ಚುರ್ ಅಂತು. ನಾನು ಕೇಳಿದ್ದು ಅಮ್ಮನ ಬಗ್ಗೆ. ಅವರಿಗೆ ಕತ್ತರಿಯವರು ಬರೆದದ್ದನ್ನ ಓದಿ ಹೇಳಿದೆ, ಚೀಟಿ ಕತೆ ಕೇಳಿ "ಓಹೋ, ಹಂಗಾ" ಅಂತ ನಕ್ಕರು. "ಹಂಗಾದ್ರೆ ಸರ ಎಲ್ಲಿದೆ ಅಂತ ನಾನೇ ಚೀಟಿಯಲ್ಲಿ ಬರೆದುಕೊಡಬೇಕಾಗತ್ತೆ, ಆವಾಗ ಹೇಳ್ತಾನೆ" ಅಂದ್ರು. ಅಲ್ಲಿಗೆ ಆ ಹುಡುಗನ ಆಸೆ ಬಿಟ್ಟರು. ಬುಡಬುಡಿಕೆಯವನನ್ನ, ಗಿಣಿಶಾಸ್ತ್ರದವನನ್ನ ಅರ್ಧ ನಂಬಿ ಅರ್ಧ ನಗುತ್ತಾ ಬೆಳೆದವರು, ಅವರಿಗೆ ಅಭ್ಯಾಸ ಇದೆ.

ತಮ್ಮನಿಗೆ ಓದಿ ಹೇಳಿದ್ರೆ ಸಿಟ್ಟು. ಅವರ ಆಫೀಸಿನ ಔಟಿಂಗಿಗೆ ಹೋದ ವರ್ಷ ಮೆಂಟಲಿಸ್ಟ್ ಒಬ್ಬರನ್ನ ಕರೆಸಿದ್ರಂತೆ, ಮ್ಯಾನೇಜರ್ ಫೋನಿನ ಪಾಸ್‌ವರ್ಡ್ ಹೇಳಿದ್ರಂತೆ. ಆವಾಗಿನಿಂದ ಇವನಿಗೆ ಹುಚ್ಚು. ಈಗ ಗೊತ್ತಾಯ್ತು, ಎರಡು ದಿನದ ಕಾರ್ಯಾಗಾರಕ್ಕೆ ಎಂಟು ಸಾವಿರ ಕಟ್ಟಿ ಹೋಗಿ ಬಂದಿದಾನೆ. ಮುಖ ನೋಡಿ ಸುಳ್ಳು ಕಂಡುಹಿಡಿಯೋದು ಹೇಗೆ ಅಂತ. ಕಣ್ಣು ಒಂದು ಕಡೆ ಹೊರಳಿದ್ರೆ ನೆನಪು, ಇನ್ನೊಂದು ಕಡೆ ಹೊರಳಿದ್ರೆ ಕಟ್ಟುಕತೆಯಂತೆ. ಸರ್ಟಿಫಿಕೇಟೂ ಇದೆ.

ಇಸ್ಪೀಟು ರಾಜ | ಮಂಗಳವಾರ ರಾತ್ರಿ 10:30

ಅಕ್ಕಾ, ಇದು ನಮ್ಮವರದೇ ತಪ್ಪು. ನೇರವಾಗಿ ಹೇಳ್ತೀನಿ.

ಗಾರುಡಿಗ "ಜೈ ಕಾಳಿ" ಅಂದ್ರೆ ಸಾಫ್ಟ್‌ವೇರಿನವರು ನಗ್ತಾರೆ. ಅದೇ ಚೀಟಿ ಕಳ್ಳನೋಟ ಮಾಡಿ, "ನಿಮ್ಮ ಹುಬ್ಬು ಎಡಕ್ಕೆ ಕುಣೀತು, ಅದರಿಂದ ‘ಶ’ ಅಕ್ಷರ ಅಂತ ಗೊತ್ತಾಯ್ತು" ಅಂದ್ರೆ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಕಾಳಿ ಹೇಗೆ ಆಟದ ಭಾಗವೋ ಹಾಗೇ ಆ ಹುಬ್ಬಿನ ಮಾತೂ ಆಟದ ಭಾಗ. ಮಂಕುಬೂದಿಯ ಡಬ್ಬಿ ಬದಲಾಗಿದೆ, ಅಷ್ಟೇ.

ಇಂಗ್ಲೆಂಡಿನ ಡೆರೆನ್ ಬ್ರೌನ್ ಇದನ್ನ ಎಲ್ಲಿಗೆ ಒಯ್ದ ನೋಡಿ. 2009ರ ಸೆಪ್ಟೆಂಬರಲ್ಲಿ ಲಾಟರಿಯ ಆರೂ ನಂಬರ್ ಮೊದಲೇ ಬರೆದಿಟ್ಟಿದ್ದೆ ಅಂತ ಟಿವಿಯಲ್ಲಿ ಚೆಂಡು ತಿರುಗಿಸಿ ತೋರಿಸಿದ. ಎರಡು ದಿನ ಬಿಟ್ಟು ವಿವರಣೆ ಕೊಟ್ಟ: 24 ಜನರ ಹತ್ತಿರ ನಂಬರ್ ಊಹೆ ಮಾಡಿಸಿ ಸರಾಸರಿ ತೆಗೆದೆ, ಜನಸಮೂಹಕ್ಕೆ ವಿವೇಕ ಇರತ್ತೆ ಅಂತ. ಲಾಟರಿ ಚೆಂಡಿಗೆ ಯಾರ ವಿವೇಕವೂ ನಾಟಲ್ಲ ಸ್ವಾಮಿ! ಲೆಕ್ಕ ಬಲ್ಲವರು ನಕ್ಕರು. ಪರದೆಯ ಅರ್ಧ ಭಾಗದ ಚಿತ್ರ ಅಲ್ಲಾಡದ ಹಾಗೆ ಹಿಡಿದಿಟ್ಟು, ಅಷ್ಟರಲ್ಲಿ ಚೆಂಡು ಬದಲಿಸಿದ ಕ್ಯಾಮೆರಾ ಕೆಲಸ ಇರಬೇಕು ಅನ್ನೋದು ಬಹಳ ಜನರ ಊಹೆ. ಅಂದ್ರೆ ಆ ವಿವರಣೆಯೇ ಎರಡನೇ ಟ್ರಿಕ್ಕು. ಅದೇ ತಿಂಗಳು ಮನೇಲಿ ಕೂತವರನ್ನ ಸೋಫಾಗೇ ಅಂಟಿಸ್ತೀನಿ ಅಂತ ಇನ್ನೊಂದು ಮಾಡಿದ, ಏಳೋಕೆ ಆಗ್ಲಿಲ್ಲ ಅಂದವರೂ ಇದ್ರು. ಆದ್ರೆ ಆತ ಮೊದಲಿಂದಲೂ ಹೇಳ್ತಾನೆ, ನಾನು ಮಾಡೋದು ಮ್ಯಾಜಿಕ್, ಸೂಚನೆ, ಮನಶ್ಶಾಸ್ತ್ರ, ದಾರಿ ತಪ್ಪಿಸೋದು, ನಾಟಕೀಯತೆ ಎಲ್ಲದರ ಮಿಶ್ರಣ ಅಂತ. ನಮ್ಮಲ್ಲೂ ಒಳ್ಳೆಯವರಿದಾರೆ. 2023ರಲ್ಲಿ ಸುಹಾನಿ ಶಾ ಸುದ್ದಿ ಚಾನೆಲ್‌ಗಳಲ್ಲಿ ಕೂತು ಮನಸ್ಸು ಓದಿ ತೋರಿಸಿ, "ಇದು ಪವಾಡ ಅಲ್ಲ, ಕಲೆ" ಅಂತ ಬಿಡಿಸಿ ಹೇಳಿದ್ರು. ಕಾರ್ಯಾಗಾರ ಮಾಡಿ ಸರ್ಟಿಫಿಕೇಟ್ ಮಾರೋರು ಬೇರೆ ಜಾತಿ.

ಅರಿವಳಿಕೆ | ಮಂಗಳವಾರ ರಾತ್ರಿ 11:15

ತಮ್ಮನಿಗೆ ಎರಡು ಸಂಗತಿ ತೋರಿಸಿ. ಸುಳ್ಳು ಹಿಡಿಯುವ ಬಗ್ಗೆ ನಡೆದ ಇನ್ನೂರಕ್ಕೂ ಹೆಚ್ಚು ಬರಹಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಲೆಕ್ಕ ಹಾಕಿದರು. ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54. ನಾಣ್ಯ ಚಿಮ್ಮಿದರೆ 50. ಕಣ್ಣು ಹೊರಳುವ ದಿಕ್ಕನ್ನೇ 2012ರಲ್ಲಿ ರಿಚರ್ಡ್ ವೈಸ್‌ಮನ್ ತಂಡ ಪರೀಕ್ಷಿಸಿತು. ಸುಳ್ಳಿಗೂ ದಿಕ್ಕಿಗೂ ಸಂಬಂಧವೇ ಸಿಗಲಿಲ್ಲ.

ಗಿರಿನಗರದವಳು | ಶುಕ್ರವಾರ ರಾತ್ರಿ 8:05

ಡಾಕ್ಟ್ರೇ, ತೋರಿಸೋದು ತಡ ಆಯ್ತು.

ಬುಧವಾರ ನಾನು ಆಫೀಸಿಗೆ ಹೋದಾಗ, ಮನೆಕೆಲಸಕ್ಕೆ ಬರೋ ಅಕ್ಕನನ್ನ ತಮ್ಮ ಅಡುಗೆಮನೇಲಿ ನಿಲ್ಲಿಸಿಕೊಂಡು ಸರದ ಬಗ್ಗೆ ಪ್ರಶ್ನೆ ಕೇಳಿದಾನೆ. ಬೈದಿಲ್ಲ, ದನಿ ಎತ್ತಿಲ್ಲ. ನಗ್ತಾ ನಗ್ತಾ, "ಕೊನೇ ಸಲ ಯಾವಾಗ ನೋಡಿದ್ರಿ, ಯಾವ ಬಣ್ಣದ ಡಬ್ಬಿ" ಅಂತ, ಅವರ ಕಣ್ಣು ನೋಡ್ತಾ. ಆಮೇಲೆ ಅಮ್ಮನ ಹತ್ತಿರ ಬಂದು "ಎರಡು ಸಲ ಬಲಕ್ಕೆ ಹೊರಳಿತು" ಅಂದನಂತೆ. ಅಕ್ಕನಿಗೆ ಅರ್ಥ ಆಗದೆ ಇರತ್ತಾ? ಒಂಬತ್ತು ವರ್ಷದಿಂದ ಬರ್ತಿರೋರು. ಪಾತ್ರೆ ಪೂರ್ತಿ ತೊಳೆದಿಟ್ಟು, ಒರೆಸೋ ಬಟ್ಟೆ ಹಿಂಡಿ ಒಣಗಿಹಾಕಿ ಹೋದರು. ನಿನ್ನೆ ಬರ್ಲಿಲ್ಲ, ಇವತ್ತೂ ಬರ್ಲಿಲ್ಲ. ಫೋನ್ ಎತ್ತುತಿಲ್ಲ.

ಬನಶಂಕರಿ ಬಸ್ಸು | ಶುಕ್ರವಾರ ರಾತ್ರಿ 8:19

ನಾನು ಬಾಯಿ ಮುಚ್ಕೊಂಡಿದೀನಿ ಮೇಡಂ. ಅಡ್ರೆಸ್ ಗೊತ್ತಿದ್ರೆ ಮನೆಗೇ ಹೋಗಿ. ಫೋನಲ್ಲಿ ಆಗಲ್ಲ ಇದು.

ಮೂರನೇ ಕಣ್ಣು | ಶುಕ್ರವಾರ ರಾತ್ರಿ 8:44

ತಮ್ಮನನ್ನೂ ಕರೆದುಕೊಂಡು ಹೋಗಿ. ಅವನೇ ಕೇಳಬೇಕು ಕ್ಷಮೆ, ನೀವಲ್ಲ.

ಗಿರಿನಗರದವಳು | ಭಾನುವಾರ ಮಧ್ಯಾಹ್ನ 3:30

ಹೋಗಿದ್ವಿ. ಹೊಸಕೆರೆಹಳ್ಳಿ ಹತ್ತಿರ ಅವರ ಮನೆ, ಮೂರನೇ ಮಹಡಿ. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತಿ ಹೋಗಿ, ಬಾಗಿಲಲ್ಲೇ ಕೂತುಬಿಟ್ರು. ತಮ್ಮನೂ ಬಂದಿದ್ದ. ಕೆಳಗೆ ಸ್ಕೂಟರ್ ಹತ್ತಿರ ಹತ್ತು ನಿಮಿಷ ಹೆಲ್ಮೆಟ್ ತೆಗೆಯದೆ ನಿಂತಿದ್ದ, ಆಮೇಲೆ ಬಂದ. ಏನು ಹೇಳಿದ ಅಂತ ನಂಗೆ ಕೇಳಿಸ್ಲಿಲ್ಲ, ನಾನು ಒಳಗೆ ಅವರ ಮಗಳ ಜೊತೆ ಕೂತಿದ್ದೆ. ಟಿವಿ ಓಡ್ತಿತ್ತು. ಅದೇ ಶೋ ಮರುಪ್ರಸಾರ. ಆ ಹುಡುಗಿ "ಆಂಟಿ, ಇವರು ಹೇಗೆ ಕಂಡುಹಿಡೀತಾರೆ?" ಅಂತ ಕೇಳಿದ್ಲು. ಪ್ಯಾಡಿನ ಕತೆ ಹೇಳಿದೆ.

ಅಕ್ಕ ಸೋಮವಾರದಿಂದ ಬರ್ತೀನಿ ಅಂದಿದಾರೆ. ಬರ್ತಾರೋ ಇಲ್ವೋ ನೋಡಬೇಕು.

ಸುಂಕದಕಟ್ಟೆ ಸುಬ್ಬಿ | ಮಂಗಳವಾರ ರಾತ್ರಿ 1:12

ಈಗ ನೋಡಿದೆ, ಮೊದಲಿಂದ ಓದ್ಕೊಂಡ್ ಬಂದೆ. ನಂದೂ 37. ಸರ ಸಿಕ್ತಾ?

ಗಿರಿನಗರದವಳು | ಮಂಗಳವಾರ ಬೆಳಿಗ್ಗೆ 6:50

ಸರ ಇಲ್ಲ. ಅಕ್ಕ ನಿನ್ನೆ ಬಂದ್ರು.